ಜೀಪಿನ ದಂಡವೂ ರೇಖಾಗಣಿತದ ಪಾಠವೂ

(ನಮ್ಮ ಶಾಲೆಯ ವಿಜ್ಞಾನ ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಸಮಾಂತರ ರೇಖೆಗಳ ಪಾಠವನ್ನು ಬೋಧಿಸುವಾಗಲೆಲ್ಲ ಒಂದು ಪ್ರಶ್ನೆ ನಮ್ಮ ಕಿವಿಗೆ ಬೀಳುವುದುಂಟು: "ಸಾರ್, ಇದರಿಂದ ನಮಗೇನು ಪ್ರಯೋಜನ?" ಪೋಷಕರಲ್ಲಿಯೂ ಕೆಲವರು, ನಾಳೆ ವರ್ಕ್‌ಷಾಪಿಗೆ ಸೇರುವ ಹುಡುಗನಿಗೆ ಯೂಕ್ಲಿಡನ ಪ್ರಮೇಯವೇಕೆ, ಅದೂ ಕನ್ನಡದಲ್ಲಿ ಏಕೆ, ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಇಂದು ಪುಸ್ತಕದಲ್ಲಿ ಹುಡುಕದೆ, ಒಂದು ಜೀಪಿನ ಅಡಿಯಲ್ಲಿ ಹುಡುಕೋಣ.

ಜೀಪು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ರೂಪುಗೊಂಡ ವಾಹನ. ಇಪ್ಪತ್ತೇಳು ತಿರುವುಗಳ ದಿಂಬಂ ಘಾಟಿಯನ್ನು ಏರಿ ಇಳಿಯುವ ನಮ್ಮ ತಾಳವಾಡಿಯ ಜನರಿಗೆ ಅದರ ಪರಿಚಯ ಹೊಸದಲ್ಲ. ಕಲ್ಲುಮುಳ್ಳಿನ ದಾರಿಯಲ್ಲಿ ಓಡಿಸಬೇಕೆಂದು ಕೆಲವರು ಜೀಪಿನ ಮೂಲ ಆಕ್ಸಲನ್ನು ತೆಗೆದು ಹೆಚ್ಚು ಬಲವಾದ ಬೇರೊಂದು ಆಕ್ಸಲನ್ನು ಕೂಡಿಸುತ್ತಾರೆ. ಗಾಡಿಯನ್ನು ಎತ್ತರಿಸುವುದೂ ಉಂಟು. ಹೊಸ ಆಕ್ಸಲನ್ನು ಯಾವ ಕೋನದಲ್ಲಿ ಕೂಡಿಸಬೇಕು? ಇದೇ ಇಂದಿನ ನಮ್ಮ ವಿಷಯ.

ಮೊದಲು ಭಾಗಗಳನ್ನು ಅರಿಯೋಣ. ಎಂಜಿನ್ನಿನ ಶಕ್ತಿಯು ಗೇರ್ ಬಾಕ್ಸನ್ನೂ ಅದರ ಬೆನ್ನಿಗಿರುವ ಟ್ರಾನ್ಸ್‌ಫರ್ ಕೇಸನ್ನೂ ದಾಟಿ, ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ದಂಡದ ಮೂಲಕ ಹಿಂದಿನ ಆಕ್ಸಲನ್ನು ಸೇರುತ್ತದೆ. ಅಲ್ಲಿ ಅದನ್ನು ಬರಮಾಡಿಕೊಳ್ಳುವ ಚಿಕ್ಕ ಹಲ್ಲುಗಾಲಿಯೇ ಪಿನಿಯನ್. ಗೇರ್ ಬಾಕ್ಸು ಮೇಲಿದೆ, ಆಕ್ಸಲು ಕೆಳಗಿದೆ. ರಸ್ತೆಯ ಹಳ್ಳತಿಟ್ಟುಗಳಿಗೆ ತಕ್ಕಂತೆ ಆಕ್ಸಲು ಏರಿಳಿಯುತ್ತಲೂ ಇರುತ್ತದೆ. ಆದುದರಿಂದ ದಂಡದ ಎರಡು ತುದಿಗಳಲ್ಲಿಯೂ ಬಾಗಬಲ್ಲ ಕೀಲುಗಳು ಬೇಕು. ಎರಡು ಕವಲುಗಳ ನಡುವೆ, ಮೆಕ್ಯಾನಿಕರು 'ಕ್ರಾಸ್' ಎನ್ನುವ ಕೂಡುಗುರುತಿನ ಆಕಾರದ ತುಂಡನ್ನು ಇಟ್ಟು ಮಾಡಿದ ಈ ಕೀಲಿಗೆ ಯೂನಿವರ್ಸಲ್ ಜಾಯಿಂಟ್ ಎಂದು ಹೆಸರು. 17ನೆಯ ಶತಮಾನದ ಆಂಗ್ಲ ವಿಜ್ಞಾನಿ ರಾಬರ್ಟ್ ಹುಕ್ ಇದನ್ನು ವಿವರಿಸಿದುದರಿಂದ ಹುಕ್‌ನ ಕೀಲು ಎಂದೂ ಕರೆಯುವರು. ಸ್ಪ್ರಿಂಗಿನ ನಿಯಮದಲ್ಲಿ ನೀವು ಓದಿದ ಹುಕ್ ಇವನೇ.

ಈ ಕೀಲಿಗೆ ಒಂದು ವಿಚಿತ್ರ ಗುಣವುಂಟು. ಅದು ನೇರವಾಗಿದ್ದರೆ ಎರಡೂ ಕಡೆಯ ವೇಗ ಒಂದೇ. ಬಾಗಿದೊಡನೆ, ಒಳಬರುವ ವೇಗ ಸಮವಾಗಿದ್ದರೂ, ಹೊರಹೋಗುವ ವೇಗ ಪ್ರತಿಯೊಂದು ಸುತ್ತಿನಲ್ಲಿಯೂ ಎರಡು ಬಾರಿ ಹೆಚ್ಚಿ ಎರಡು ಬಾರಿ ತಗ್ಗುತ್ತದೆ. ಕೀಲು 30 ಡಿಗ್ರಿ ಬಾಗಿದ್ದು, ಒಳಗಿನ ದಂಡ ನಿಮಿಷಕ್ಕೆ 1000 ಸುತ್ತು ತಿರುಗುತ್ತಿದ್ದರೆ, ಹೊರಗಿನ ದಂಡದ ವೇಗ 866ಕ್ಕೂ 1155ಕ್ಕೂ ನಡುವೆ ತೂಗಾಡುತ್ತದೆ. ಬಾಗು 10 ಡಿಗ್ರಿ ಮಾತ್ರವಾದರೆ ಈ ತೂಗಾಟ 985ರಿಂದ 1015ರವರೆಗೆ. ಮೇಲಿನ ತರಗತಿಯವರು 30 ಡಿಗ್ರಿಯ ಕೊಸೈನ್ ಬೆಲೆಯನ್ನು ಕೋಷ್ಟಕದಲ್ಲಿ ನೋಡಿದರೆ 0.866 ಎಂದೇ ಕಾಣುವರು. 1000ವನ್ನು ಆ ಬೆಲೆಯಿಂದ ಗುಣಿಸಿದರೆ ಕನಿಷ್ಠ ವೇಗ, ಭಾಗಿಸಿದರೆ ಗರಿಷ್ಠ ವೇಗ. ಈ ತೂಗಾಟವೇ ಗಾಡಿಯಲ್ಲಿ ನಡುಕವಾಗಿ ಕಾಣಿಸಿಕೊಂಡು, ಕೀಲುಗಳನ್ನೂ ಪಿನಿಯನ್ನಿನ ಬೇರಿಂಗುಗಳನ್ನೂ ಸವೆಸುತ್ತದೆ.

ಪರಿಹಾರವೇನು? ಮೊದಲನೆಯ ಕೀಲು ಮಾಡಿದ ಏರುಪೇರನ್ನು ಎರಡನೆಯ ಕೀಲು ಅಳಿಸಿಹಾಕಬೇಕು. ಅದಕ್ಕೆ ನಿಬಂಧನೆಗಳು ಎರಡು: ದಂಡದ ಎರಡು ತುದಿಗಳ ಕವಲುಗಳು ಒಂದೇ ಸಮತಲದಲ್ಲಿರಬೇಕು; ಎರಡು ಕೀಲುಗಳ ಬಾಗುಕೋನಗಳು ಸಮವಾಗಿರಬೇಕು. ದಂಡವನ್ನು ಬಿಚ್ಚಿ ಜೋಡಿಸುವಾಗ ಜಾರುಕೀಲಿನ ಒಂದು ಹಲ್ಲು ಆಚೀಚೆಯಾದರೂ ಮೊದಲನೆಯ ನಿಬಂಧನೆ ಕೆಡುತ್ತದೆ. ಅದಕ್ಕಾಗಿಯೇ ಬಲ್ಲವರು ಬಿಚ್ಚುವ ಮೊದಲು ಗುರುತು ಹಾಕಿಕೊಳ್ಳುವರು.

ಎರಡನೆಯ ನಿಬಂಧನೆಯಲ್ಲಿ ನಿಮ್ಮ ಪಾಠ ಅಡಗಿದೆ. ಗಾಡಿಯನ್ನು ಪಕ್ಕದಿಂದ ನೋಡಿದಂತೆ ಚಿತ್ರ ಬರೆಯಿರಿ. ಟ್ರಾನ್ಸ್‌ಫರ್ ಕೇಸಿನಿಂದ ಹೊರಡುವ ದಂಡದ ಅಕ್ಷ ಒಂದು ರೇಖೆ. ಪಿನಿಯನ್ನಿನ ಅಕ್ಷ ಇನ್ನೊಂದು ರೇಖೆ. ಇವೆರಡೂ ಸಮಾಂತರವಾಗಿರಲಿ. ಇವನ್ನು ಕೂಡಿಸುವ ಪ್ರೊಪೆಲ್ಲರ್ ಶಾಫ್ಟೇ ಛೇದಕ ರೇಖೆ. ಆಗ ಪರ್ಯಾಯ ಕೋನಗಳು ಸಮ! ಯೂಕ್ಲಿಡನು ಇಪ್ಪತ್ತಮೂರು ಶತಮಾನಗಳ ಹಿಂದೆ ಸಾಧಿಸಿದ ಪ್ರಮೇಯವೇ ಇಂದು ಜೀಪಿನ ಹೊಟ್ಟೆಯಡಿ ಸುತ್ತುತ್ತಿದೆ.

ಇನ್ನು ಕೆಲಸದ ಕ್ರಮ. ಒಂದು ಕೋನಮಾಪಕದ ಕೇಂದ್ರಕ್ಕೆ ದಾರ ಕಟ್ಟಿ, ತುದಿಗೆ ಒಂದು ಗುಂಡನ್ನು ತೂಗಬಿಟ್ಟರೆ ಓಟವನ್ನು ಅಳೆಯುವ ಉಪಕರಣ ಸಿದ್ಧ. ಗಾಡಿ ಮಟ್ಟವಾದ ನೆಲದ ಮೇಲೆ, ತನ್ನ ಪೂರ್ಣ ಭಾರವನ್ನು ಸ್ಪ್ರಿಂಗುಗಳ ಮೇಲೆ ಹೊತ್ತು ನಿಂತಿರಬೇಕು. ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟಿರಬೇಕು. ಗಾಡಿಯನ್ನು ಜಾಕಿನಿಂದ ಎತ್ತಿ ಆಕ್ಸಲನ್ನು ಇಳಿಬಿಟ್ಟು ಅಳೆದ ಕೋನ ದಾರಿಯಲ್ಲಿ ನಿಲ್ಲದು. ಟ್ರಾನ್ಸ್‌ಫರ್ ಕೇಸಿನ ಅಕ್ಷ ಹಿಂದಕ್ಕೆ 3 ಡಿಗ್ರಿ ಇಳಿದಿದೆ ಎನ್ನೋಣ. ಪಿನಿಯನ್ನಿನ ಮೂತಿ ಮುಂದಕ್ಕೆ 3 ಡಿಗ್ರಿ ಏರಿದರೆ ರೇಖೆಗಳು ಸಮಾಂತರ. ನಡುವಣ ದಂಡದ ಇಳಿಜಾರು 12 ಡಿಗ್ರಿಯಾದರೆ, 12ರಲ್ಲಿ 3 ಕಳೆದು, ಎರಡೂ ಕೀಲುಗಳ ಬಾಗು 9 ಡಿಗ್ರಿ.

ಇಲ್ಲಿ ಅನುಭವದ ಮಾತೊಂದುಂಟು. ಪಟ್ಟಿಗಳ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಚಕ್ರಕ್ಕೆ ಬಲ ಬಿದ್ದಾಗ ಆಕ್ಸಲು ತುಸು ಹೊರಳಿ ಪಿನಿಯನ್ನಿನ ಮೂತಿ ಮೇಲೇಳುತ್ತದೆ. ಆದುದರಿಂದ ನಿಂತ ಗಾಡಿಯಲ್ಲಿ ಒಂದೆರಡು ಡಿಗ್ರಿ ಕೆಳಗಿಟ್ಟರೆ, ಓಡುವಾಗ ಅದು ಸಮಾಂತರಕ್ಕೆ ಬರುತ್ತದೆ. ಸ್ಪ್ರಿಂಗ್ ಕೂರುವ ಪೀಠಗಳನ್ನು ಆಕ್ಸಲಿಗೆ ಮೊದಲು ಚುಕ್ಕೆ ಬೆಸುಗೆಯಿಂದ ಮಾತ್ರ ಹಿಡಿಸಿ, ಮತ್ತೆ ಅಳೆದು, ಸರಿಯೆನಿಸಿದ ಮೇಲೆಯೇ ಪೂರ್ಣ ಬೆಸುಗೆ ಹಾಕಬೇಕು. ಅದನ್ನೂ ಬಿಟ್ಟುಬಿಟ್ಟು ಹಾಕಬೇಕು; ಒಂದೇ ಸಮನೆ ಕಾಯಿಸಿದರೆ ಆಕ್ಸಲಿನ ಕೊಳವೆ ಸೊಟ್ಟಗಾಗುತ್ತದೆ.

ಗಾಡಿಯನ್ನು ಬಹಳ ಎತ್ತರಿಸಿದಾಗ ಟ್ರಾನ್ಸ್‌ಫರ್ ಕೇಸಿನ ತುದಿಯಲ್ಲಿ ಜೋಡಿ ಕೀಲನ್ನು ಹಾಕುವುದುಂಟು. ಅಲ್ಲಿ ಏರುಪೇರು ಆ ಜೋಡಿಯೊಳಗೇ ಅಳಿದುಹೋಗುವುದರಿಂದ ನಿಯಮ ಬೇರೆ: ಪಿನಿಯನ್ನು ದಂಡದ ನೇರಕ್ಕೇ ನೋಡಬೇಕು. ಆದರೆ ಮೂತಿ ಬಹಳ ಮೇಲೆದ್ದರೆ ಪಿನಿಯನ್ನಿನ ಮುಂದಿನ ಬೇರಿಂಗಿಗೆ ಎಣ್ಣೆ ತಲುಪದೆ ಹೋದೀತು. ಎಣ್ಣೆಯ ಮಟ್ಟವನ್ನೂ ನೋಡತಕ್ಕದ್ದು. ಮುಂದಿನ ಆಕ್ಸಲಿನಲ್ಲಿ ಮತ್ತೊಂದು ತೊಡಕು. ಅಲ್ಲಿ ಪಿನಿಯನ್ನನ್ನು ಎತ್ತಿದಷ್ಟೂ ಸ್ಟೀಯರಿಂಗನ್ನು ನೇರಕ್ಕೆ ತರುವ ಕ್ಯಾಸ್ಟರ್ ಕೋನ ಕಡಿಮೆಯಾಗಿ, ಗಾಡಿ ದಾರಿಯಲ್ಲಿ ಅಲೆಯತೊಡಗುತ್ತದೆ. ಎರಡರಲ್ಲಿ ಒಂದನ್ನು ಉಳಿಸಬೇಕಾದರೆ ಕ್ಯಾಸ್ಟರನ್ನೇ ಉಳಿಸುವುದು ವಿವೇಕ.

ಇಷ್ಟು ಸೂಕ್ಷ್ಮವೇಕೆ ಎನ್ನುವಿರಾ? ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಕೈಬ್ರೇಕು ಚಕ್ರದ ಬಳಿ ಇಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿದ್ದು, ಈ ದಂಡವನ್ನೇ ಹಿಡಿದು ನಿಲ್ಲಿಸುತ್ತದೆ. ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುತ್ತಿರುವಾಗ ಘಾಟಿಯ ಇಳಿಜಾರಿನಲ್ಲಿ ಕೀಲು ಮುರಿಯಿತೆನ್ನಿ: ಎಂಜಿನ್ನಿನ ತಡೆಯೂ ಹೋಯಿತು, ಕೈಬ್ರೇಕೂ ಹೋಯಿತು. ಉಳಿದದ್ದು ಕಾಲಿನ ಬ್ರೇಕೊಂದೇ. ಆ ಗಾಡಿಯಲ್ಲಿ ಸಂತೆಗೆ ಹೊರಟ ತಾಯಂದಿರೂ ಶಾಲೆಯ ಮಕ್ಕಳೂ ಕುಳಿತಿರಬಹುದು. ಕೆಲವು ಡಿಗ್ರಿಗಳ ಅಲಕ್ಷ್ಯವು ಅಂಕಪಟ್ಟಿಯಲ್ಲಿ ಒಂದೆರಡು ಅಂಕಗಳನ್ನು ಕಳೆದೀತು. ಇಲ್ಲಿ ಕಳೆಯುವುದು ಅಂಕಗಳನ್ನಲ್ಲ.

ಪೋಷಕರಲ್ಲಿ ಗಾಡಿಯುಳ್ಳವರಿಗೆ ಒಂದು ಸೂಚನೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಆದುದರಿಂದ ಆಕ್ಸಲಿಗೆ ಕೈಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುವಿರಿ, ಕೆಲವರು ಮೆಕ್ಯಾನಿಕರಾಗುವಿರಿ. ಎರಡೂ ಗೌರವದ ವೃತ್ತಿಗಳೇ. ಕಣ್ಣಳತೆಯಿಂದ ಬೆಸುಗೆ ಹಾಕುವವನಿಗೂ ಅಳೆದು ಹಾಕುವವನಿಗೂ ಇರುವ ಅಂತರ ಆ ಚಿಕ್ಕ ಪ್ರಮೇಯದಲ್ಲಿದೆ. ಅದನ್ನು ತಾಯ್ನುಡಿಯಲ್ಲಿ ಕಲಿತವನು ಬಾಯಿಪಾಠ ಮಾಡಿ ಮರೆಯದೆ, ಅರಿತು ಉಳಿಸಿಕೊಳ್ಳುತ್ತಾನೆಂಬುದು ನಮ್ಮ ದೃಢವಾದ ನಂಬಿಕೆ. ನಾಳೆ ತರಗತಿಗೆ ಬರುವಾಗ ಕೋನಮಾಪಕ, ದಾರ ಮತ್ತು ಒಂದು ಗುಂಡನ್ನು ತನ್ನಿರಿ. ಶಾಲೆಯ ಮೆಟ್ಟಿಲ ಪಕ್ಕದ ಇಳಿಜಾರಿನಿಂದ ಅಳತೆಯನ್ನು ಆರಂಭಿಸೋಣ.