ಚಳಿನಾಡಿನ ಕಣಜ: ಆರಿಸುವ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆ
(ಸಂಘದ ಬೆಳ್ಳಿಹಬ್ಬದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಧಾನ್ಯ ಸಂಗ್ರಹಣೆ ಬಗ್ಗೆ ಎರಡು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಮ್ಮ ಹಗೇವು, ಕಣಜಗಳ ವಿಚಾರ ಇಲ್ಲಿ ಕುಳಿತ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೆ ನಾನು ಇವತ್ತು ದೂರದ ಕೆನಡಾ ದೇಶದ ಬಯಲುಸೀಮೆಗೆ ನಿಮ್ಮನ್ನು ಕರೆದುಕೊಂಡು ಹೋಗ್ತೀನಿ. ‘ಅಲ್ಲಿಯ ಕಣಜ ಕಟ್ಟಿಕೊಂಡು ನಮಗೇನಾಗಬೇಕು?’ ಅಂತ ಯಾರಾದರೂ ಕೇಳಬಹುದು. ನಮ್ಮ ದೇಶಕ್ಕೆ ಹೊರಗಿನಿಂದ ಬರುವ ಮಸೂರ ಮತ್ತು ಹಳದಿ ಬಟಾಣಿಯಲ್ಲಿ ದೊಡ್ಡ ಪಾಲು ಆ ಸೀಮೆಯ ಕಣಜಗಳಿಂದಲೇ ಬಂದದ್ದು. ಅಂದರೆ ಅವರ ಕಣಜಕ್ಕೂ ನಮ್ಮ ಒಲೆಗೂ ಸಂಬಂಧ ಇದ್ದೇ ಇದೆ.

ಅಲ್ಲಿ ಮ್ಯಾನಿಟೋಬಾ, ಸಸ್ಕ್ಯಾಚೆವಾನ್, ಆಲ್ಬರ್ಟಾ ಎಂಬ ಮೂರು ಪ್ರಾಂತ್ಯಗಳಿವೆ. ಕಣ್ಣು ಹಾಯುವಷ್ಟು ದೂರ ಗೋಧಿ, ಬಾರ್ಲಿ, ಬಟಾಣಿ, ಮಸೂರ, ಎಣ್ಣೆಗೆ ಬೆಳೆಯುವ ಕನೋಲಾ. ವರ್ಷಕ್ಕೆ ಒಂದೇ ಬೆಳೆ. ಆಗಸ್ಟ್‌ನಲ್ಲಿ ಸುಗ್ಗಿ ಶುರುವಾದರೆ ಅಕ್ಟೋಬರ್ ಒಳಗೆ ಮುಗಿಯಬೇಕು. ಆಮೇಲೆ ಹಿಮ. ಜನವರಿಯಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವ ದಿನಗಳೂ ಉಂಟು.

ಬೆಳೆಯೆಲ್ಲ ಒಂದೇ ಸಲ ಬಂದರೆ ರೈಲು ದಂಡೆಯ ದೊಡ್ಡ ಉಗ್ರಾಣಗಳು ಅಷ್ಟನ್ನೂ ಹಿಡಿಯಲಾರವು. 2013ರಲ್ಲಿ ಅಲ್ಲಿ ದಾಖಲೆಯ ಬೆಳೆ ಬಂತು. ಉಗ್ರಾಣ ತುಂಬಿದವು, ರೈಲು ವ್ಯಾಗನ್ ಸಾಲಲಿಲ್ಲ. ಕೊನೆಗೆ 2014ರ ಮಾರ್ಚ್‌ನಲ್ಲಿ, ವಾರಕ್ಕೆ ಇಷ್ಟು ಧಾನ್ಯ ಸಾಗಿಸಲೇಬೇಕೆಂದು ಅಲ್ಲಿಯ ಸರ್ಕಾರ ರೈಲು ಕಂಪನಿಗಳಿಗೆ ಆಜ್ಞೆ ಮಾಡಬೇಕಾಯಿತು. ಅಂಥ ವರ್ಷದಲ್ಲಿ ಹೊಲದಲ್ಲಿ ಸ್ವಂತ ಕಣಜ ಇದ್ದವನು ತಡೆದುಕೊಂಡ. ಇಲ್ಲದವನು ರಾಶಿಯನ್ನು ಬಯಲಿಗೆ ಸುರಿದ, ಇಲ್ಲವೇ ಬಂದ ಬೆಲೆಗೆ ಕೊಟ್ಟ. ಸುಗ್ಗಿಯಲ್ಲಿ ಮಾರುವವನ ಬೆಲೆಯನ್ನು ಇನ್ನೊಬ್ಬ ನಿಶ್ಚಯಿಸುತ್ತಾನೆ ಅನ್ನೋದು ನಮಗೂ ಗೊತ್ತಿದ್ದ ಸಂಗತಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಷ್ಟು ಚಳಿ ಇದ್ದ ಮೇಲೆ ಕಾಳು ಕೆಡೋದು ಹೇಗೆ? ಕೆಡ್ತದೆ ನೋಡ್ರಿ. ಸೆಪ್ಟೆಂಬರ್ ಬಿಸಿಲಲ್ಲಿ ಕೊಯ್ದ ಗೋಧಿ ಬೆಚ್ಚಗಿರುವಾಗಲೇ ತಗಡಿನ ಕಣಜಕ್ಕೆ ಬೀಳುತ್ತದೆ. ಕಾಳು ಶಾಖವನ್ನು ಬೇಗ ಬಿಟ್ಟುಕೊಡುವ ವಸ್ತುವಲ್ಲ. ಹೊರಗೆ ಹಿಮ ಬಿದ್ದಾಗ ತಗಡಿಗೆ ತಾಗಿದ ಕಾಳು ತಣ್ಣಗಾಗುತ್ತದೆ, ನಡುವಿನ ರಾಶಿ ಮಾತ್ರ ವಾರಗಟ್ಟಲೆ ಬೆಚ್ಚಗೇ ಇರುತ್ತದೆ. ಅಂಚಿನ ತಣ್ಣನೆ ಗಾಳಿ ಕೆಳಗಿಳಿಯುತ್ತದೆ, ನಡುವಿನ ಬಿಸಿ ಗಾಳಿ ತೇವವನ್ನು ಹೊತ್ತುಕೊಂಡು ಮೇಲೇರುತ್ತದೆ. ಮೇಲಿನ ತಣ್ಣನೆ ಕಾಳಿಗೆ ತಾಗಿದಾಗ ಆ ತೇವ ನೀರಾಗುತ್ತದೆ; ಅಡಿಗೆ ಪಾತ್ರೆಯ ಮುಚ್ಚಳದಲ್ಲಿ ಹನಿ ಕೂಡುತ್ತದಲ್ಲ, ಹಾಗೆ. ಒಣ ಕಾಳನ್ನೇ ತುಂಬಿದ್ದರೂ ಮೇಲೆ ನಡುಭಾಗ ಒದ್ದೆಯಾಗಿ, ಬೂಸ್ಟು ಹಿಡಿದು, ಗಟ್ಟಿ ಹೆಂಟೆ ಕಟ್ಟುತ್ತದೆ. ಬೇಸಿಗೆ ಬಂದಾಗ ಇದು ತಿರುಗಾ ಮುರುಗಾ: ಅಂಚು ಬಿಸಿ, ನಡು ತಣ್ಣಗೆ, ನೀರು ಕೆಳಗೆ ಕೂಡುತ್ತದೆ.

ಆದ್ದರಿಂದ ಕಣಜ ಎಷ್ಟು ಹಿಡಿಯುತ್ತದೆ ಅನ್ನೋದು ಕೊನೆಯ ಪ್ರಶ್ನೆ. ಒಳಗಿನ ಬಿಸಿಯನ್ನು ಹೊರಗೆ ಹೇಗೆ ತೆಗೆಯುತ್ತೀರಿ? ಇದು ಮೊದಲನೆಯದು.

ಇದಕ್ಕೆ ಉತ್ತರ ಫ್ಯಾನ್. ಕಣಜದ ತಳದಲ್ಲಿ ತೂತಿನ ತಗಡು ಅಥವಾ ತೂತಿನ ಕೊಳವೆ ಹಾಕಿ, ಕೆಳಗಿನಿಂದ ಗಾಳಿ ತಳ್ಳುತ್ತಾರೆ. ಕಾಳು ತುಂಬಿದ ದಿನದಿಂದಲೇ, ಹೊರಗಿನ ಗಾಳಿ ಕಾಳಿಗಿಂತ ತಣ್ಣಗಿದ್ದಾಗಲೆಲ್ಲ ಓಡಿಸಿ, ರಾಶಿಯನ್ನು 15 ಡಿಗ್ರಿಗಿಂತ ಕೆಳಗೆ ತರುತ್ತಾರೆ. ಅಷ್ಟರಲ್ಲಿ ಹುಳದ ಸಂತಾನ ನಿಲ್ಲುತ್ತದೆ. ಆಮೇಲೆ ಚಳಿಗಾಲವೇ ಔಷಧಿ. ಕಾಳಿನ ರಾಶಿಯೇ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಒಂದು ವಾರ ಇದ್ದರೆ ಅಲ್ಲಿಯ ಮುಖ್ಯ ಶತ್ರುವಾದ ತುಕ್ಕು ಬಣ್ಣದ ಪುಟ್ಟ ಹುಳ ಸಾಯುತ್ತದೆ. 5 ಡಿಗ್ರಿ ಕೆಳಗಷ್ಟೇ ಇದ್ದರೆ 12 ವಾರ ಬೇಕು. ಚಳಿ ಪುಕ್ಕಟೆ, ಅದನ್ನು ಒಳಗೆ ಮುಟ್ಟಿಸುವ ಏರ್ಪಾಡಿಗೆ ಮಾತ್ರ ದುಡ್ಡು.

ಇಲ್ಲಿ ಒಂದು ಎಚ್ಚರಿಕೆ. ತಣಿಸುವ ಫ್ಯಾನ್ ಬೇರೆ, ಒಣಗಿಸುವ ಫ್ಯಾನ್ ಬೇರೆ. ಒಣಗಿಸುವುದಕ್ಕೆ ಸುಮಾರು ಹತ್ತು ಪಟ್ಟು ಗಾಳಿ ಬೇಕು. ಅದೂ ಅಕ್ಟೋಬರ್‌ನ ತಣ್ಣನೆ ಗಾಳಿ ನೀರು ಹೀರುವುದು ಕಡಿಮೆ, ಕಾಯಿಸಿ ಬಿಡಬೇಕಾಗುತ್ತದೆ. ಕೆನಡಾದಲ್ಲಿ ಗೋಧಿಯ ತೇವಾಂಶ ನೂರಕ್ಕೆ 14.5ರ ಒಳಗಿದ್ದರೆ ಒಣಗಿದ್ದೆಂದು ಲೆಕ್ಕ. ಕನೋಲಾಕ್ಕೆ 10, ಬಹಳ ದಿನ ಇಡುವುದಾದರೆ 8. ಕನೋಲಾ ತುಂಬಿದ ಮೇಲೆ ಆರು ವಾರದವರೆಗೂ ಬೆವರುತ್ತದೆ. ಕಡೆಗಣಿಸಿದರೆ ತಾನೇ ಕಾದು ಸುಟ್ಟು ಕರಕಲಾಗಬಲ್ಲದು. ಹಸಿ ಕೊಯ್ಲು ಮಾಡುವವನಿಗೆ ಒಂದು ಕಣಜ, ಒಣ ಕೊಯ್ಲು ಮಾಡುವವನಿಗೆ ಇನ್ನೊಂದು ಅನ್ನುವುದು ಅದಕ್ಕೇ.

ಎರಡನೆಯ ಪ್ರಶ್ನೆ: ತಳ ಯಾವುದು? ಸಪಾಟು ತಳದ್ದೋ, ಲಾಳಿಕೆಯಂತೆ ಇಳಿಜಾರು ತಳದ್ದೋ? ಸಪಾಟು ತಳದ ಕಣಜ ಕ್ವಿಂಟಾಲ್ ಲೆಕ್ಕದಲ್ಲಿ ಅಗ್ಗ, ಗಾಳಿ ಇಡೀ ತಳದಿಂದ ಸಮನಾಗಿ ಏರುತ್ತದೆ. ಆದರೆ ಕೊನೆಯ ಕಾಳನ್ನು ಯಂತ್ರದಿಂದ ಗುಡಿಸಬೇಕು, ಸಲಿಕೆ ಹಿಡಿದು ಆಳು ಒಳಗೆ ಹೋಗಬೇಕು. ಲಾಳಿಕೆ ತಳದ್ದು ದುಬಾರಿ. ಬಾಗಿಲು ತೆಗೆದರೆ ಕಾಳು ತಾನೇ ಜಾರಿ ಪೂರಾ ಖಾಲಿಯಾಗುತ್ತದೆ. ಬೀಜದ ಕಾಳಿಗೆ, ಮೇಲಿಂದ ಮೇಲೆ ತುಂಬಿ ತೆಗೆಯುವವರಿಗೆ ಅದು ಅನುಕೂಲ. ಅದರಲ್ಲಿ ಗಾಳಿ ಎಲ್ಲ ಮೂಲೆಗೂ ಸಮನಾಗಿ ಹೋಗುವಂತೆ ಮಾಡುವುದು ಕಷ್ಟ, ಅದನ್ನು ಕೊಳ್ಳುವಾಗಲೇ ವಿಚಾರಿಸಬೇಕು. ಯಾವುದೇ ಆದರೂ ಬುನಾದಿ ಗಟ್ಟಿಯಿರಬೇಕು, ನೀರು ನಿಲ್ಲದ ಏರಿನಲ್ಲಿರಬೇಕು. ಆ ಸೀಮೆಯಲ್ಲಿ ಚಳಿಗೆ ನೆಲವೇ ಹೆಪ್ಪುಗಟ್ಟಿ ಉಬ್ಬುತ್ತದೆ; ಒದ್ದೆ ಜಾಗದಲ್ಲಿಟ್ಟ ಕಣಜ ವಾಲುತ್ತದೆ.

ಮೂರನೆಯದು: ಒಂದು ದೊಡ್ಡದೋ, ನಾಲ್ಕು ಸಣ್ಣವೋ? 5,000 ಬುಶೆಲ್ ಕಣಜ ಅಂದರೆ ಸುಮಾರು 1,360 ಕ್ವಿಂಟಾಲ್ ಗೋಧಿ. ದೊಡ್ಡದಕ್ಕೆ ಕ್ವಿಂಟಾಲ್ ಖರ್ಚು ಕಡಿಮೆ, ನಿಜ. ಆದರೆ ಒಂದು ಕಡೆ ಕಾಳು ಕಾದರೆ ಇಡೀ ರಾಶಿಗೆ ಗಂಡಾಂತರ. ರಾಶಿ ಎತ್ತರವಾದಷ್ಟೂ ಗಾಳಿ ತಳ್ಳುವುದು ಕಷ್ಟ. ನಡುವೆ ಒಂದೇ ಉಷ್ಣತೆ ಅಳೆಯುವ ತಂತಿ ಇಳಿಬಿಟ್ಟರೆ ನಾಲ್ಕಾರು ಅಡಿ ಆಚೆ ಕಾಳು ಬೇಯುತ್ತಿದ್ದರೂ ಅದಕ್ಕೆ ಗೊತ್ತಾಗದು. ಬಟಾಣಿ, ಗೋಧಿ, ಬೀಜ, ಹಸಿಕಾಳು ಹೀಗೆ ಬಗೆಬಗೆಯದಿದ್ದವನಿಗೆ ನಾಲ್ಕು ಸಣ್ಣವೇ ಲೇಸು. ಅವುಗಳಲ್ಲಿ ಒಂದನ್ನು ಖಾಲಿ ಇಟ್ಟುಕೊಂಡಿರಬೇಕು. ಎಲ್ಲಿಯಾದರೂ ಕಾಳು ಕಾದರೆ ಕೂಡಲೇ ಬದಲಿಸಲಿಕ್ಕೆ ಜಾಗ ಬೇಕಲ್ಲ.

ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಮನುಷ್ಯ ಒಳಗೆ ಇಳಿಯದೆ ಈ ಕಣಜ ನಡೆಯುತ್ತದೆಯೇ? ಕೆಟ್ಟ ಕಾಳು ಮೇಲೆ ಹೆಂಟೆ ಕಟ್ಟುತ್ತದೆ ಅಂದೆನಲ್ಲ. ಕೆಳಗೆ ಬಾಗಿಲು ತೆಗೆದಾಗ ಕಾಳು ಹರಿಯದೆ ನಿಲ್ಲುತ್ತದೆ. ‘ಏನಾಯ್ತು ನೋಡೋಣ’ ಅಂತ ಕೋಲು ಹಿಡಿದು ಮನುಷ್ಯ ಒಳಗಿಳಿಯುತ್ತಾನೆ. ಹೆಂಟೆಯ ಕೆಳಗೆ ಪೊಳ್ಳು, ಕುಸಿಯುತ್ತದೆ. ಯಂತ್ರದ ರಭಸಕ್ಕೆ ಕಾಳು ಹರಿಯುತ್ತಿದ್ದರೆ ಮೊಣಕಾಲು ಹೂಳಲು ನಾಲ್ಕೈದು ಸೆಕೆಂಡು, ತಲೆ ಮುಳುಗಲು ಅರ್ಧ ನಿಮಿಷವೂ ಬೇಡ. ಸೊಂಟದವರೆಗೆ ಹೂತವನನ್ನು ಇಬ್ಬರು ಗಟ್ಟಿಗರು ಸೇರಿ ಎಳೆದರೂ ಬಿಡಿಸಲಾಗದು. ಕೆನಡಾ, ಅಮೆರಿಕಗಳಲ್ಲಿ ದೊಡ್ಡವರೂ ಮಕ್ಕಳೂ ಹೀಗೆ ಸತ್ತಿದ್ದಾರೆ. ಆದ್ದರಿಂದ ನೆಲದಲ್ಲೇ ನಿಂತು ತೆಗೆಯುವ ಮುಚ್ಚಳ, ಹೊರಗೇ ಓದಬಹುದಾದ ಉಷ್ಣತೆ ಮಾಪಕ, ಭದ್ರವಾದ ಏಣಿ, ಇವು ಇರುವ ಕಣಜಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ಅದು ನಷ್ಟವಲ್ಲ. ಕಾಳು ಕಾಯುವುದೂ ಆಳನ್ನು ಕಾಯುವುದೂ ಒಂದೇ ಕೆಲಸ. ಕೆಡದ ಕಾಳಿನ ಕಣಜಕ್ಕೆ ಕೋಲು ಹಿಡಿದು ಇಳಿಯುವ ಪ್ರಮೇಯವೇ ಬರುವುದಿಲ್ಲ. ನಮ್ಮಲ್ಲೂ ಹಗೇವಿನ ಬಾಯಿ ತೆಗೆದ ಕೂಡಲೇ ಇಳಿಯಬಾರದು ಎಂದು ಹಿರಿಯರು ಹೇಳುತ್ತಿದ್ದರಲ್ಲ. ಅಲ್ಲಿ ಕೊಲ್ಲುವುದು ಒಳಗೆ ಕೂಡಿದ ಕೆಟ್ಟ ಗಾಳಿ. ಕಾರಣ ಬೇರೆ, ಪಾಠ ಒಂದೇ.

ಹಾಗಂತ ಅವರ ಕಣಜವನ್ನು ಹಾಗೇ ತಂದು ನಮ್ಮೂರಲ್ಲಿ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಹುಳ ಕೊಲ್ಲುವ ಚಳಿ ನಮ್ಮಲ್ಲಿಲ್ಲ. ನಮಗೆ ಬಿಸಿಲಿದೆ, ಚೆನ್ನಾಗಿ ಒಣಗಿಸಿ, ಗಾಳಿಯಾಡದಂತೆ ಮುಚ್ಚುವುದು ನಮ್ಮ ದಾರಿ. ತರಬೇಕಾದದ್ದು ಅವರು ಕೇಳುವ ಪ್ರಶ್ನೆಗಳನ್ನು. ಸಂಘದಿಂದ ಗೋದಾಮೋ ಕಣಜವೋ ಕೊಳ್ಳುವ ಮಾತು ಬಂದಾಗ ಬರೀ ದರಪಟ್ಟಿ ನೋಡಬೇಡ್ರಿ. ಬಿಸಿ ಎಲ್ಲಿಂದ ಹೋಗ್ತದೆ, ನೀರು ಎಲ್ಲಿ ಕೂಡ್ತದೆ, ಖಾಲಿ ಹೇಗೆ ಮಾಡ್ತೀರಿ, ಆಳು ಒಳಗೆ ಹೋಗಬೇಕೋ ಬೇಡವೋ ಅಂತ ಕೇಳ್ರಿ.

ಕೊನೆಯದಾಗಿ ಒಂದು ಮಾತು. ಆ ಬಯಲುಸೀಮೆಯ ರೈತರು 1923ರಲ್ಲಿ ಆಲ್ಬರ್ಟಾದಲ್ಲಿ, 1924ರಲ್ಲಿ ಉಳಿದೆರಡು ಪ್ರಾಂತ್ಯಗಳಲ್ಲಿ ಗೋಧಿ ಮಾರಾಟಕ್ಕೆ ಸಹಕಾರಿ ಒಕ್ಕೂಟ ಕಟ್ಟಿ, ತಮ್ಮದೇ ಉಗ್ರಾಣ ನಿಲ್ಲಿಸಿದರು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಅದಕ್ಕೂ ಮೊದಲು, 1905ರಲ್ಲಿ. ಒಬ್ಬನಿಂದ ಆಗದ ಕಣಜ ನಾಲ್ಕು ಜನ ಕೂಡಿದರೆ ಆಗ್ತದೆ ಅನ್ನೋದನ್ನು ಹೊರಗಿನವರಿಂದ ಕಲಿಯುವ ಅಗತ್ಯ ನಮಗಿಲ್ಲ.

ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಸದಸ್ಯರ ಕಣಜ ತುಂಬಿರಲಿ ಎಂದು ಹಾರೈಸುತ್ತೇನೆ.