ದವಾಖಾನೆಯ ಸಮಿತಿಯಲ್ಲಿ ನಮ್ಮ ಕುರ್ಚಿ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪ್ರತಿ ತಿಂಗಳೂ ಸಂಬಳದಿಂದ ಇ.ಎಸ್.ಐ. ಹಣ ಮುರಿದುಕೊಂಡಾಗ ನಾವು ಗೊಣಗುತ್ತೇವೆ. ಇಪ್ಪತ್ತು ಸಾವಿರ ರೂಪಾಯಿ ಸಂಬಳದವನ ಪಾಲು 150 ರೂಪಾಯಿ, ಧಣಿಯ ಪಾಲು 650. 2019ರ ಜುಲೈಯಲ್ಲಿ ಗೊತ್ತಾದ ದರವಿದು. ಆದರೆ ಆ ಹಣದಿಂದ ನಡೆಯುವ ದವಾಖಾನೆ ಹೇಗಿರಬೇಕೆಂದು ಹೇಳುವ ಹಕ್ಕೂ ನಮಗಿದೆ ಎಂಬುದನ್ನು ನಮ್ಮಲ್ಲಿ ಬಹುಮಂದಿ ಅರಿಯರು.

ಪ್ರೊಫೆಸರ್ ಅದಾರ್ಕರ್ ಅವರ 1944ರ ವರದಿಯ ತಳಹದಿಯ ಮೇಲೆ 1948ರಲ್ಲಿ ಕಾಯ್ದೆಯಾಯಿತು. 1952ರ ಫೆಬ್ರವರಿ 24ರಂದು ಕಾನಪುರದಲ್ಲಿ ನೆಹರೂ ಅವರು ಯೋಜನೆಯನ್ನು ಆರಂಭಿಸಿದರು. ಆ ಕಾಯ್ದೆ ಮಾಡಿದವರು ಎಲ್ಲವನ್ನೂ ಅಧಿಕಾರಿಗಳ ಕೈಗೊಪ್ಪಿಸಲಿಲ್ಲ. ವೈದ್ಯಕೀಯ ವಿಷಯಗಳಲ್ಲಿ ಸಲಹೆ ಕೊಡುವ ಕೇಂದ್ರ ಮಂಡಳಿಯಲ್ಲಿ ವೈದ್ಯರು ಮೂವರಾದರೆ ಕಾರ್ಮಿಕರ ಪ್ರತಿನಿಧಿಗಳೂ ಮೂವರು, ಧಣಿಗಳೂ ಮೂವರು. ಅದರ ಕೆಳಗೆ ಪ್ರಾದೇಶಿಕ ಮಂಡಳಿಗಳು, ಸ್ಥಳೀಯ ಸಮಿತಿಗಳು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಪ್ರಾದೇಶಿಕ, ಸ್ಥಳೀಯ ಸಮಿತಿಗಳಿಗೆ ಎಡೆಯಿದೆ.

ಕುರ್ಚಿಯೇನೋ ಇದೆ. ಅದರ ಮೇಲೆ ಕೂರುವವರು ಯಾರು? ಕಾರ್ಮಿಕ ಸಂಘಗಳ ಮೂಲಕ ಹೆಸರು ಹೋಗಬೇಕು. ಗಿರಣಿಯವರಿಗೆ ಸಂಘದ ರೂಢಿ ಇತ್ತು. ಹೋಟೆಲಿನವರು ಹತ್ತು ಮಂದಿ ಇಲ್ಲಿ, ಹದಿನೈದು ಮಂದಿ ಅಲ್ಲಿ ಎಂದು ಚದುರಿದ್ದಾರೆ. (ಸ್ಟೇಷನ್ನಿನ ಬಳಿ ರಾಜಾ ಬಹದ್ದೂರ್ ಗಿರಣಿ ಇದ್ದ ಆವರಣದಲ್ಲಿ ಇಂದು ಹೋಟೆಲುಗಳು ನಡೆಯುತ್ತಿವೆ. ಗಿರಣಿಯ ಪ್ರಶ್ನೆ ಬೇರೆ, ಹೋಟೆಲಿನ ಪ್ರಶ್ನೆ ಬೇರೆ ಎನ್ನುವವರು ಅಲ್ಲಿಗೆ ಒಮ್ಮೆ ಹೋಗಿ ನೋಡಲಿ.)

ನಮ್ಮವರು ಅಲ್ಲಿ ಕೂತು ಹೇಳಬೇಕಾದದ್ದೇನು? ಮೊದಲನೆಯದು ಹೊತ್ತಿನ ಮಾತು. ಬೆಳಗಿನ ತಿಂಡಿಯ ಗದ್ದಲದಲ್ಲಿ ದವಾಖಾನೆಯ ಬಾಗಿಲು ತೆರೆದರೆ, ಕಾವಲಿಯ ಮುಂದೆ ನಿಂತ ದೋಸೆಯವನು ಹೋಗುವುದು ಹೇಗೆ? ಕೈ ತೆರವಾಗುವುದು ಮಧ್ಯಾಹ್ನದ ಊಟ ಮುಗಿದ ಮೇಲೆ. ಇದು ಬರಿಯ ಅನುಕೂಲದ ಮಾತಲ್ಲ. ವಿಮಾ ವೈದ್ಯರು ರಜೆಯ ಸರ್ಟಿಫಿಕೇಟು ಬರೆದರೆ ತಾನೆ ಕಾಯಿಲೆಯ ದಿನಗಳಿಗೆ ಸಂಬಳದ ನೂರಕ್ಕೆ 70 ಪಾಲು, ವರ್ಷಕ್ಕೆ 91 ದಿನಗಳವರೆಗೆ, ಸಿಕ್ಕುವುದು. ಕ್ಷಯದಂಥ ದೀರ್ಘರೋಗಕ್ಕೆ ನೂರಕ್ಕೆ 80; ಅದು ಎರಡು ವರ್ಷದವರೆಗೂ ಮುಂದುವರಿಯಬಹುದು. ಹೊತ್ತಿಗೆ ಹೋಗಲಾರದವನು ಔಷಧಿಯನ್ನೂ ಕಳೆದುಕೊಂಡ, ಊರಿಗೆ ಕಳಿಸುವ ಹಣವನ್ನೂ ಕಳೆದುಕೊಂಡ.

ಎರಡನೆಯದು ಭಾಷೆ. ಊರಿನಿಂದ ಹೊಸದಾಗಿ ಬಂದ ಹುಡುಗ "ಎದೆಯಲ್ಲಿ ಸಂಕಟ" ಎನ್ನುತ್ತಾನೆ. ಮರಾಠಿಯ ಕಿವಿಗೆ ಸಂಕಟವೆಂದರೆ ವಿಪತ್ತು. ಎದೆಯಲ್ಲಿ ಯಾವ ವಿಪತ್ತಪ್ಪಾ ಎಂದು ವೈದ್ಯರು ಮುಖ ನೋಡುತ್ತಾರೆ, ತಪ್ಪು ಅವರದಲ್ಲ. ವಾರದಲ್ಲಿ ಎರಡು ದಿನ ನಮ್ಮ ಸಂಘದ ಸ್ವಯಂಸೇವಕನೊಬ್ಬ ಅಲ್ಲಿ ಕೂರಲು ಅನುಮತಿ ಕೇಳಬಹುದಲ್ಲ?

ಸಮಿತಿಗೆ ಬರಿಗೈಯಲ್ಲಿ ಹೋಗಿ ಕೂಗಾಡಿದರೆ ಪ್ರಯೋಜನವಿಲ್ಲ. ನಮ್ಮ ಪುಣೆ ಜಿಲ್ಲೆಯ ಹಳ್ಳಿಗರನ್ನೇ ನೋಡಿ. 2007ರಲ್ಲಿ ಸರಕಾರಿ ಆರೋಗ್ಯ ಸೇವೆಯ ಮೇಲೆ ಜನರೇ ಕಣ್ಣಿಡುವ ಏರ್ಪಾಡನ್ನು ಮಹಾರಾಷ್ಟ್ರದ ಐದು ಜಿಲ್ಲೆಗಳಲ್ಲಿ ಆರಂಭಿಸಿದರು. ಅವುಗಳಲ್ಲಿ ನಮ್ಮದೂ ಒಂದು. ಇದೇ ಊರಿನ 'ಸಾಥಿ' ಸಂಸ್ಥೆ ರಾಜ್ಯಕ್ಕೆಲ್ಲ ಅದರ ಹೊಣೆ ಹೊತ್ತಿತು. ಹಳ್ಳಿಯವರು ಉಪಕೇಂದ್ರದಲ್ಲಿ ಏನಿದೆ, ಏನಿಲ್ಲ ಎಂದು ಬರೆದಿಟ್ಟುಕೊಂಡು, ಜನಸುನವಾಯಿಯಲ್ಲಿ ಅಧಿಕಾರಿಗಳ ಎದುರಿಗೇ ಓದಿದರು. ಬರೆದು ತಂದ ಮಾತನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ.

ನಾವೂ ಬರೆಯೋಣ. ಯಾವ ದಿನ, ಎಷ್ಟು ಹೊತ್ತು ಕಾದೆವು, ಯಾವ ಔಷಧಿಯನ್ನು ಹೊರಗೆ ಕೊಂಡುಕೊಳ್ಳಲು ಹೇಳಿದರು, ಎಷ್ಟು ದಿನದ ಕೂಲಿ ಹೋಯಿತು, ಇಷ್ಟು ಸಾಕು. ರೋಗಿಯ ಹೆಸರು ಬೇಡ. ಒಬ್ಬನ ಕಾಯಿಲೆ ನಾಲ್ಕು ಜನರ ಬಾಯಿಗೆ ಬೀಳಬಾರದು. ಯಾವ ಮದ್ದು ಕೊಡಬೇಕೆಂಬುದು ವೈದ್ಯರ ಕೆಲಸ, ಅದರಲ್ಲಿ ನಾವು ಕೈ ಹಾಕುವುದೂ ಬೇಡ.

ಇನ್ನು ಕಳಿಸುವುದು ಯಾರನ್ನು? ಭಾಷಣ ಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ನಮ್ಮನ್ನೂ ಸೇರಿಸಿ. ಸಾಲಿನಲ್ಲಿ ನಿಂತು ಗೊತ್ತಿರುವ ಸಪ್ಲಾಯರನೊಬ್ಬ, ಮರಾಠಿ ಬಲ್ಲ ಗಿರಣಿಯ ಹಿರಿಯರೊಬ್ಬರು, ಅಡಿಗೆಮನೆಯಲ್ಲಿ ದುಡಿಯುವ ಒಬ್ಬ ಅಕ್ಕ, ಈ ಮೂವರ ಹೆಸರನ್ನು ಕಾರ್ಮಿಕ ಸಂಘಗಳ ಮುಂದಿಡೋಣ. ಸಭೆಗೆ ಹೋದ ದಿನದ ಕೂಲಿಯನ್ನು ನಮ್ಮ ನಿಧಿಯಿಂದ ತುಂಬಿಕೊಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇವೆ. ದಾಖಲೆಯ ಪುಸ್ತಕವನ್ನು ಇಂದೇ ಕಚೇರಿಯ ಮೇಜಿನ ಮೇಲೆ ಇರಿಸಲಾಗಿದೆ.