ಶರಾವತಿಯ ನೀರಿನ ದಾರಿಯಲ್ಲಿ



ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆಯವರಾದ ನಮಗೆ ನದಿಯೆಂದರೆ ಮೊದಲು ನೆನಪಾಗುವುದು ವಿಹಾರವಲ್ಲ, ಬೆಳೆ. ಡೋಣಿ ತುಂಬಿ ಹರಿದರೆ ಜೋಳ. ಕೃಷ್ಣೆಯ ನೀರನ್ನು ಮೇಲೆತ್ತಿ ತಂದರೆ ದ್ರಾಕ್ಷಿ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಈ ಸೀಮೆಯವರು ಒಮ್ಮೆ ದೋಣಿಯಲ್ಲಿ ಕುಳಿತು ಮಳೆಕಾಡಿನ ನದಿಯೊಂದನ್ನು ನೋಡಿ ಬರಬೇಕು. ಅದಕ್ಕಾಗಿ ಅಮೆಜಾನಿಗೆ ಹೋಗಬೇಕಾಗಿಲ್ಲ. ನಮ್ಮ ರಾಜ್ಯದಲ್ಲೇ ಶರಾವತಿ ಇದೆ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯ ಒಟ್ಟು ಉದ್ದ ಸುಮಾರು 130 ಕಿಲೋಮೀಟರ್. ಇಷ್ಟು ಚಿಕ್ಕ ಹರಿವಿನಲ್ಲೇ ಅದು ಲಿಂಗನಮಕ್ಕಿಯಲ್ಲಿ ಸಮುದ್ರದಂತೆ ಹರಡಿ, ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯ ಕಾಡು ದಾಟಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ.

ಜೋಗದಿಂದ ಕೆಳಗಿನ ಕಣಿವೆಯಲ್ಲಿ ನಿತ್ಯಹರಿದ್ವರ್ಣದ ಕಾಡಿದೆ. ಪಶ್ಚಿಮಘಟ್ಟದಲ್ಲಿ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಕಾಣದ ಸಿಂಗಳೀಕ ಇಲ್ಲಿ ವಾಸಿಸುತ್ತದೆ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹದಂಥ ಕುಚ್ಚು. ಅದರ ಬದುಕೆಲ್ಲ ಬಹುಮಟ್ಟಿಗೆ ಮರದ ಮೇಲೆಯೇ. ಒಂದು ಮರದ ಹಣ್ಣು ಮುಗಿಯುವಾಗ ಇನ್ನೊಂದು ಮರ ಫಲ ಬಿಡಬೇಕು. ಕೊಂಬೆಗೆ ಕೊಂಬೆ ತಾಗಿರಬೇಕು. ಆದುದರಿಂದ ನಡುವೆ ಅಗಲವಾಗಿ ಕಾಡು ಕಡಿದರೆ ಅದರ ದಾರಿಯೇ ಕಡಿದಂತೆ. 2019ರಲ್ಲಿ ಈ ಪ್ರದೇಶವನ್ನು ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಲಾಯಿತು. ರಸ್ತೆಬದಿಯಲ್ಲಿ ಅವು ಕಂಡರೆ ದಯವಿಟ್ಟು ತಿಂಡಿ ಎಸೆಯಬೇಡಿ. ಅದರ ರುಚಿ ಹತ್ತಿದ ಪ್ರಾಣಿ ಮರ ಬಿಟ್ಟು ವಾಹನದ ಗಾಲಿಯ ಬಳಿಗೆ ಬರುತ್ತದೆ.

ದೋಣಿ ವಿಹಾರಕ್ಕೆ ಹೊನ್ನಾವರದ ಅಳಿವೆಯ ಕಡೆ ಹೋಗಿ. ಬೆಳಗಿನ ಹೊತ್ತು ಲೇಸು. ದಂಡೆಯ ಕಾಂಡ್ಲಾ ಗಿಡಗಳ ನಡುವೆ ಬೆಳ್ಳಕ್ಕಿ, ಮಿಂಚುಳ್ಳಿ, ಮೇಲೆ ಗರುಡ. ಮಾತು ಕಡಿಮೆ ಮಾಡಿದಷ್ಟೂ ಹಕ್ಕಿ ಹೆಚ್ಚು ಕಾಣುತ್ತದೆ. ತೆಂಗು ಅಡಿಕೆಗಳ ನೆರಳಿನ ಹಳ್ಳಿಗಳಲ್ಲಿ ಇಳಿದು ಮೀನುಗಾರರೊಡನೆ ಎರಡು ಮಾತಾಡಿ. ಅವರ ದಿನಚರಿಯನ್ನು ಗಡಿಯಾರಕ್ಕಿಂತ ಕಡಲಿನ ಉಬ್ಬರವಿಳಿತವೇ ನಿರ್ಧರಿಸುವುದನ್ನು ಕಾಣುವಿರಿ.

ಆದರೆ ಮೇಲ್ದಂಡೆಯ ಸಾಗರ ಸೀಮೆಯನ್ನು ಮರೆಯಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಹಳ್ಳಿಗಳೂ ಕಾಡೂ ತೋಟಗಳೂ ಮುಳುಗಿದವು. 1948ರ ಮಡೆನೂರು ಅಣೆಕಟ್ಟು ಕೂಡ ಆ ನೀರಿನಡಿ ಸೇರಿತು; ನೀರು ತೀರ ಇಳಿದ ಬೇಸಿಗೆಯಲ್ಲಿ ಅದು ತಲೆ ಎತ್ತುತ್ತದೆ. ಸಿಗಂದೂರಿನ ಕಡೆಯ ಜನ 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ಆಸ್ಪತ್ರೆಗೂ ಸಂತೆಗೂ ಲಾಂಚನ್ನೇ ನಂಬಿದ್ದರು. ಪ್ರವಾಸಿಗೆ ಮೋಜಾಗಿದ್ದ ಆ ಲಾಂಚು ಅವರಿಗೆ ಕಾಯುವ ಕಷ್ಟವಾಗಿತ್ತು. ಮುಳುಗಡೆಯ ಹಲವು ಕುಟುಂಬಗಳು ತಾವು ನೆಲೆಸಿದ ಭೂಮಿಯ ಹಕ್ಕಿಗಾಗಿ ಇಂದಿಗೂ ಹೋರಾಡುತ್ತಿವೆ.

ಈ ನೋವನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಹೊಲ ಕಳೆದುಕೊಂಡವರು ನಮ್ಮ ಬೀಗರು, ನೆರೆಯವರು. ಶರಾವತಿಯ ವಿದ್ಯುತ್ತು ನಾಡಿಗೆಲ್ಲ ಹರಿಯಿತು. ಬಾವಿಯ ಪಂಪು ತಿರುಗಿಸಿದ ನಮ್ಮ ರೈತನೂ ಆ ಮುಳುಗಿದ ಹಳ್ಳಿಗಳಿಗೆ ಸ್ವಲ್ಪ ಋಣಿಯೇ. ಈಗ ಅದೇ ಕಣಿವೆಯಲ್ಲಿ 2000 ಮೆಗಾವಾಟಿನ ಹೊಸ ಯೋಜನೆಯ ಪ್ರಸ್ತಾವವಿದೆ. ವಿದ್ಯುತ್ತು ಬೇಡವೆನ್ನಲು ಯಾರಿಗೂ ಆಗದು. ಆದರೆ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆಯನ್ನು, ದೂರದಲ್ಲಿದ್ದು ಪ್ರಯೋಜನ ಪಡೆಯುವ ನಾವೂ ಕೇಳಬೇಕು.

ಹೋಗಿ ಬನ್ನಿ. ಕಾಡನ್ನು ನೋಡಿ, ಹಕ್ಕಿಯನ್ನು ನೋಡಿ. ಅಲ್ಲಿಯ ಹಿರಿಯರೊಬ್ಬರನ್ನು ಕಂಡರೆ, 'ಅಜ್ಜಾರ, ನಿಮ್ಮ ಹಳೇ ಊರು ಎಲ್ಲಿತ್ತರೀ?' ಎಂದು ಕೇಳಿ. ಅವರು ನೀರಿನತ್ತ ಕೈ ತೋರಿಸಿ ಹೇಳುವುದನ್ನು ಸಾವಧಾನವಾಗಿ ಕೇಳಿಸಿಕೊಳ್ಳಿ.